ಗೊಮ್ಮಟನ ಮೇಲೆ ಸುರಿದ ಐನೂರು ರೂಪಾಯಿ

ಶ್ರವಣಬೆಳಗೊಳದ ದೊಡ್ಡಬೆಟ್ಟ ಇಳಿದು, ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ಓಡಿ ಬಂದು, ಚಪ್ಪಲಿ ಹುಡುಕುತ್ತಿದ್ದೆ. ಪಕ್ಕದಲ್ಲಿ ಬಟ್ಟೆ ಹಾಸಿಕೊಂಡು ಕೂತಿದ್ದವನ ಮುಂದೆ ಬಳಪದ ಕಲ್ಲಿನ ಪುಟ್ಟ ಗೊಮ್ಮಟರು, ಜಪಸರ, ಒಂದು ಸ್ಟೀಲ್ ತಟ್ಟೆಯ ತುಂಬ ಹಳೇ ಕಾಸು. ನನ್ನ ಕಣ್ಣು ತಟ್ಟೆಯ ಮೇಲೆ ಒಂದು ಗಳಿಗೆ ನಿಂತದ್ದೇ ತಡ, ಅವನು ಜೇಬಿನಿಂದ ಕಾಗದದ ಪೊಟ್ಟಣ ಬಿಚ್ಚಿ ಬೆಳ್ಳಿ ರೂಪಾಯಿಯೊಂದನ್ನು ಅಂಗೈಗೆ ಹಾಕಿದ.

‘ಇದು ತಟ್ಟೇಲಿ ಇಡೋ ಮಾಲಲ್ಲ ಸಾ. ಸ್ವಾಮಿ ತಲೆ ಮ್ಯಾಲೆ ಉಯ್ದಿದ್ದು.’

‘ಯಾವ ಅಭಿಷೇಕದಲ್ಲಿ?’

‘ಹದಿನೆಂಟುನೂರ ಎಂಬತ್ತೇಳು. ಪುಸ್ತಕದಲ್ಲೇ ಬರ್ದವ್ರೆ.’

ಪುಸ್ತಕದಲ್ಲಿ ಬರೆದಿರುವುದು ನಿಜ. 1887ರ ಮಾರ್ಚ್ 14ರಂದು ಕೊಲ್ಲಾಪುರದ ಸ್ವಾಮಿಗಳು ನಡೆಸಿದ ಮಸ್ತಕಾಭಿಷೇಕದ ವರದಿ ಆಗಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಬಂದಿತ್ತು. ನೀರು, ಕಾಯಿತುರಿ, ಬಾಳೆಹಣ್ಣು, ಬೆಲ್ಲ, ತುಪ್ಪ, ಸಕ್ಕರೆ, ಬಾದಾಮಿ, ಖರ್ಜೂರ, ಗಸಗಸೆ, ಹಾಲು, ಮೊಸರು, ಗಂಧ, ಚಿನ್ನದ ಹೂವು, ಬೆಳ್ಳಿ ಹೂವು, ಕೊನೆಗೆ 500 ರೂಪಾಯಿ ಮೌಲ್ಯದ ಬೆಳ್ಳಿ ನಾಣ್ಯ. ಎಲ್ಲವೂ ಪೂರ್ತಿ ರೂಪಾಯಿಗಳೇ ಆಗಿದ್ದರೆ ಐದು ಕಿಲೋ ಎಂಟುನೂರು ಗ್ರಾಮಿನಷ್ಟು ಬೆಳ್ಳಿ ಆ ತಲೆಯ ಮೇಲೆ ಸುರಿದು, ಹೆಗಲಿಗೆ ಬಡಿದು, ಪಾದದ ಬಳಿ ಸದ್ದು ಮಾಡಿರಬೇಕು.

ಅಂಗೈಯಲ್ಲಿದ್ದ ರೂಪಾಯಿ ಒಳ್ಳೇ ನಾಣ್ಯವೇ. ತೂಕ ಸರಿಯಿತ್ತು, ಅಂಚಿನ ಗೆರೆ ಚೂಪಾಗಿತ್ತು. ಆದರೆ ಅದರ ಮೇಲಿದ್ದದ್ದು ಕಿರೀಟವಿಲ್ಲದ ಬೋಳುತಲೆಯ ಗಡ್ಡದ ದೊರೆ, ಏಳನೇ ಎಡ್ವರ್ಡ್. ಹಿಂದೆ 1906 ಎಂದು ಅಚ್ಚಾಗಿತ್ತು. ಹತ್ತೊಂಬತ್ತು ವರ್ಷ ಮೊದಲು ನಡೆದ ಅಭಿಷೇಕಕ್ಕೆ ಆ ರೂಪಾಯಿ ಹೋಗಿ ಬಂದಿರಲು ಸಾಧ್ಯವಿಲ್ಲ. ಅವನು 1910ರ ಅಭಿಷೇಕ ಎಂದಿದ್ದರೆ ನಾನು ತೆಪ್ಪಗಾಗುತ್ತಿದ್ದೆ. ಯಾಕೆಂದರೆ ಗೊಮ್ಮಟನ ಮೈ ಮುಟ್ಟಿ ಬಂದ ರೂಪಾಯಿಗೂ ಸಂತೆಯಲ್ಲಿ ಕಡಲೆಪುರಿ ಕೊಂಡು ಬಂದ ರೂಪಾಯಿಗೂ ಗುರುತಿನ ವ್ಯತ್ಯಾಸ ಏನೇನೂ ಇಲ್ಲ. ನಾಣ್ಯ ಅಸಲಿ, ಕಥೆ ಖೋಟಾ. ಅವನು ಕೇಳಿದ ಬೆಲೆಯಲ್ಲಿ ಮುಕ್ಕಾಲು ಪಾಲು ಕಥೆಯದು.

ಹಳೇ ಬೆಳ್ಳಿ ನಾಣ್ಯದ ಹುಚ್ಚು ಹತ್ತಿದವರು ಮೊದಲು ಕಲಿಯಬೇಕಾದದ್ದು ಇದನ್ನೇ ಎಂದು ನನ್ನ ಅನಿಸಿಕೆ. ಲೋಹವನ್ನು ತಕ್ಕಡಿಗೆ ಹಾಕಬಹುದು, ಅಚ್ಚನ್ನು ಮಸೂರದಡಿ ಹಿಡಿಯಬಹುದು. ಕಥೆಗೆ ಒರೆಗಲ್ಲಿಲ್ಲ.

ಕಥೆಗಳಲ್ಲೂ ಕೆಲವು ನಾಣ್ಯದ ಮೈಯಲ್ಲೇ ಇರುತ್ತವೆ, ಅವು ಬೇರೆ. ನಮ್ಮ ಕಡೆ ಬೆಳ್ಳಿಯೇ ಒಂದು ಪರದೇಶಿ. ಕೋಲಾರ, ಹಟ್ಟಿಯಲ್ಲಿ ಚಿನ್ನ ಸಿಕ್ಕಿತು. ಹೇಳಿಕೊಳ್ಳುವಂಥ ಬೆಳ್ಳಿ ಗಣಿ ಈ ನೆಲದಲ್ಲಿ ಇರಲಿಲ್ಲ. ಹಾಗಾಗಿ ಬೆಳಗೊಳದ ಶಾಸನಗಳಲ್ಲಿ ಭಕ್ತರು ಲೆಕ್ಕ ಹೇಳುವುದೆಲ್ಲ ಗದ್ಯಾಣ, ಹಣ, ಹಾಗ ಎಂಬ ಚಿನ್ನದ ಲೆಕ್ಕದಲ್ಲೇ. ಗೊಮ್ಮಟದೇವರ ನಿತ್ಯದ ಹಾಲಿಗೆ, ಹೂವಿಗೆ ಇಷ್ಟು ಗದ್ಯಾಣ ಇಟ್ಟು, ಬಡ್ಡಿಯಲ್ಲಿ ಸೇವೆ ನಡೆಸುವ ಏರ್ಪಾಡು. ಹೊಯ್ಸಳ ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡದಲ್ಲಿ ಅಚ್ಚು ಹಾಕಿಸಿದ್ದೂ ಚಿನ್ನದ ಮೇಲೆ. 1891ರಲ್ಲಿ ಯಶವಂತಪುರದಲ್ಲಿ ನೆಲದಿಂದ 163 ಹಳೇ ಬೆಳ್ಳಿ ನಾಣ್ಯ ಮೇಲೆ ಬಂದವು, ಅವು ರೋಮ್ ಚಕ್ರವರ್ತಿಗಳವು. ಈ ಸೀಮೆಯಲ್ಲಿ ಬೆಳ್ಳಿ ರೂಪಾಯಿಯನ್ನು ಗಟ್ಟಿಯಾಗಿ ಊರಿದವನು ಟಿಪ್ಪು. ಎರಡು ರೂಪಾಯಿಯ ದೊಡ್ಡ ನಾಣ್ಯಕ್ಕೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ ಎಂದು ಒಂದೊಂದಕ್ಕೂ ಹೆಸರಿಟ್ಟ. ಅವನು ತಂದ ಮೌಲೂದಿ ಶಕೆಯ ಇಸವಿಯನ್ನು ಆ ನಾಣ್ಯಗಳಲ್ಲಿ ಬಲದಿಂದ ಎಡಕ್ಕೆ ಓದಬೇಕು. ಅದು ಗೊತ್ತಿಲ್ಲದೆ ಎಡದಿಂದ ಓದಿ ತಲೆ ಕೆರೆದುಕೊಂಡವರನ್ನು ನೋಡಿದ್ದೇನೆ, ನಾನೂ ಕೆರೆದುಕೊಂಡಿದ್ದೇನೆ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿದಾಗ, ಮೈಸೂರು ಇನ್ನು ಸ್ವಂತ ನಾಣ್ಯ ಹೊಡೆಯುವಂತಿಲ್ಲ ಎಂದು ಕರಾರಿನಲ್ಲೇ ಬರೆಸಿಕೊಂಡರು. ಹಾಗಾಗಿ 1887ರಲ್ಲಿ ಬೆಟ್ಟದ ಮೇಲೆ ಸುರಿದದ್ದು ಹೆಚ್ಚುಕಡಿಮೆ ಎಲ್ಲವೂ ಕಲ್ಕತ್ತೆ ಅಥವಾ ಮುಂಬಯಿ ಟಂಕಸಾಲೆಯ ರಾಣಿ ರೂಪಾಯಿಯೇ ಇರಬೇಕು. ಈ ಭಾಗದ ಹಳೇ ಮನೆಗಳ ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ, ಅಜ್ಜಿಯರ ಸರದಲ್ಲಿ ಸಿಕ್ಕುವುದೂ ಅದೇ ಜಾತಿ. ನಮ್ಮ ಚನ್ನರಾಯಪಟ್ಟಣದ ಮನೆಯಲ್ಲಿ ರಾಣಿಯವೂ ಆಮೇಲಿನ ದೊರೆಗಳವೂ ಸೇರಿ ಹನ್ನೊಂದಿವೆ, ಹಾರ್ಲಿಕ್ಸ್ ಬಾಟಲಿಯಲ್ಲಿ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಅವನ್ನು ಹಜಾರದ ಮೇಲೆ ಸುರಿದುಕೊಂಡು ಕೂತೆ. ಜೊತೆಗೆ ಬೆಂಗಳೂರಿಂದ ಒಯ್ದಿದ್ದ ಅಂಗೈಯಗಲದ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ, ಒಂದು ಅಯಸ್ಕಾಂತ, ಹೊಲಿಗೆ ದಾರ.

1835ರಿಂದ ಈ ರೂಪಾಯಿಯ ತೂಕ ಒಂದೇ: 180 ಗ್ರೇನ್, ಅಂದರೆ ಒಂದು ತೊಲ, ಇಂದಿನ ಲೆಕ್ಕದಲ್ಲಿ 11.66 ಗ್ರಾಮ್. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು, 165 ಗ್ರೇನ್, ಅಪ್ಪಟ ಬೆಳ್ಳಿ, ಉಳಿದದ್ದು ತಾಮ್ರ. ಈ ತೂಕ ಎಷ್ಟು ನಂಬಿಕೆಯದ್ದಾಗಿತ್ತೆಂದರೆ ಅಂಗಡಿಯವರು ರೂಪಾಯಿಯನ್ನೇ ಬಟ್ಟಾಗಿ ಬಳಸುತ್ತಿದ್ದರು. ಮೈಸೂರು ಸೀಮೆಯ ಕಚ್ಚಾ ಸೇರು ಅಂದರೆ ಇಪ್ಪತ್ತನಾಲ್ಕು ರೂಪಾಯಿ ತೂಕ.

ಬರೀ ತೂಕ ಸಾಲದು, ತೂಕ ಹೊಂದಿಸುವುದು ಖೋಟಾದವನಿಗೂ ಗೊತ್ತು. ನೀರಿನ ಪರೀಕ್ಷೆಯಲ್ಲಿ ಅವನು ಸಿಕ್ಕಿಬೀಳುತ್ತಾನೆ. ಮೊದಲು ನಾಣ್ಯವನ್ನು ಒಣಗಿದ್ದಂತೆ ತೂಗಿ. ಆಮೇಲೆ ತಕ್ಕಡಿಯ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ನಾಣ್ಯಕ್ಕೆ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವ ಅಂಕಿ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಲೋಹದ ಸಾಂದ್ರತೆ ಬರುತ್ತದೆ. ರಾಣಿ ರೂಪಾಯಿಗೆ ಅದು 10.3ರ ಆಸುಪಾಸು ಇರಬೇಕು. ಕೈ ನಡುಗಬಾರದು, ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿರಬಾರದು, ಅಷ್ಟೇ. ನನ್ನದು ಮೊದಲ ಸಲ ಹದಿಮೂರು ಬಂತು. ದಾರ ಜಾರಿ ನಾಣ್ಯದ ಒಂದು ಬದಿ ನೀರಿನಿಂದ ಮೇಲೆದ್ದಿತ್ತು.

ಸವೆದ 1862ರ ರೂಪಾಯಿ 11.42 ತೂಗಿತು, ನೀರಿನಲ್ಲಿ 1.10 ತೋರಿಸಿತು, ಪಾಸ್. 1885ರದು 11.3 ತೂಗಿತು, ನೀರಿನಲ್ಲಿ 1.31. ಭಾಗಿಸಿದರೆ 8.6. ಇನ್ನೆರಡು ಸಲ ಮಾಡಿದೆ, ಅಷ್ಟೇ. ತಾಮ್ರ, ಸತು, ನಿಕಲ್ ಬೆರೆಸಿದ ಜರ್ಮನ್ ಸಿಲ್ವರ್ ಹೀಗೇ ಬರುತ್ತದೆ, ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿಯಿಲ್ಲ. ಅಯಸ್ಕಾಂತಕ್ಕೂ ಅದು ಅಂಟಲಿಲ್ಲ, ಹಾಗಾಗಿ ಅಯಸ್ಕಾಂತವನ್ನು ನಂಬಿ ಕೂತಿದ್ದರೆ ನಾನು ಮೋಸಹೋಗುತ್ತಿದ್ದೆ. ಮಸೂರ ಹಿಡಿದೆ. ಅಚ್ಚಿನಲ್ಲಿ ಹೊಡೆದ ನಾಣ್ಯದ ಅಕ್ಷರಗಳು ಬಯಲಿನಿಂದ ನೆಟ್ಟಗೆ ಎದ್ದು ನಿಂತಿರುತ್ತವೆ. ಎರಕ ಹೊಯ್ದದ್ದರಲ್ಲಿ ಅವು ತೊಳೆದ ಸಾಬೂನಿನ ಮೇಲಿನ ಹೆಸರಿನ ಹಾಗೆ ಬುಡದಲ್ಲಿ ಕರಗಿರುತ್ತವೆ. ರಾಣಿಯ ಕೆನ್ನೆಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಅಂಚಿನ ಗೆರೆಗಳ ನಡುವೆ ಕೂದಲೆಳೆಯ ಒಂದು ಬೆಸುಗೆ ಸಾಲು. ಎರಕವೇ, ಸಂಶಯವಿಲ್ಲ.

ಇನ್ನೊಂದು ಎಚ್ಚರಿಕೆ ಹೇಳಬೇಕು. ಬಾಟಲಿಯಲ್ಲಿದ್ದ 1944ರ ಆರನೇ ಜಾರ್ಜ್ ರೂಪಾಯಿಗೆ 9.5 ಬಂತು. ಗಾಬರಿಯಾಗಬೇಕಿಲ್ಲ, ಅದು ಖೋಟಾ ಅಲ್ಲ. ಯುದ್ಧದಲ್ಲಿ ಬೆಳ್ಳಿ ಸಾಲದೆ ಬಂದು 1940ರಲ್ಲಿ ಸರ್ಕಾರ ತಾನೇ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತ್ತು. ಉಳಿದ ಅರ್ಧ ತಾಮ್ರ, ನಿಕಲ್, ಸತು.

ಇಸವಿಯ ವಿಷಯಕ್ಕೆ ಬರೋಣ, ಸಂಗ್ರಹಕಾರರು ಪ್ರಾಣ ಬಿಡುವುದು ಅಲ್ಲೇ. 1862 ಎಂದಿರುವ ನನ್ನ ರೂಪಾಯಿ 1862ರಲ್ಲೇ ಹುಟ್ಟಿತೆಂದು ಹೇಳಲಾಗದು. 1835ರ ಇಸವಿಯನ್ನು 1840ರವರೆಗೂ, 1840ನ್ನು 1862ರವರೆಗೂ, 1862ನ್ನು 1874ರವರೆಗೂ ಬದಲಿಸದೆ ಹೊಡೆದರು. 1862ರದ್ದರಲ್ಲಿ ಮಾತ್ರ ಯಾವ ವರ್ಷದ್ದೆಂದು ತಿಳಿಯಲು ಸಣ್ಣ ಸಣ್ಣ ಬೊಟ್ಟು ಸೇರಿಸಿದರು. ಸಂಗ್ರಹಕಾರರು ಮಸೂರ ಹಿಡಿದು ಬೊಟ್ಟು ಎಣಿಸುವುದು ಅದಕ್ಕೇ.

ಇಸವಿ ಬದಲಿಸದ ಇಂಥ ಹಠ ಯಾಕೆ ಬಂತು? ಹಿಂದೆ ಸರಾಫರು, ನಮ್ಮ ಹಳಬರು ನೋಟಗಾರರು ಎನ್ನುತ್ತಿದ್ದ ನಾಣ್ಯ ಪರೀಕ್ಷಕರು, ಹೊಸ ವರ್ಷದ ರೂಪಾಯಿಗಷ್ಟೇ ಪೂರ್ಣ ಬೆಲೆ ಕೊಡುತ್ತಿದ್ದರು. ಎರಡು ವರ್ಷ ಹಳೆಯದೆಂದು ಇಸವಿ ಹೇಳಿದರೆ, ಸವೆದಿರಲಿ ಬಿಡಲಿ, ವಟ್ಟ ಮುರಿದುಕೊಳ್ಳುತ್ತಿದ್ದರು. ಆ ಕಾಟ ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿಯವರು ಮೊದಲು ಬಂಗಾಳದ ರೂಪಾಯಿಯ ಮೇಲೆ ಎರಡನೇ ಷಾ ಆಲಮ್‌ನ 19ನೇ ಆಳ್ವಿಕೆ ವರ್ಷವನ್ನೇ ನಿಲ್ಲಿಸಿಬಿಟ್ಟರು. ವಯಸ್ಸೇ ಗೊತ್ತಾಗದಿದ್ದರೆ ವಟ್ಟ ಯಾವ ಲೆಕ್ಕಕ್ಕೆ? ನೋಟಗಾರರು ಒಳಗೆ ಬೆಳ್ಳಿಯೇ ಎಂದು ನೋಡಲು ಕಚ್ಚು ಹಾಕಿದ, ತಮ್ಮ ಗುರುತಿನ ಮುದ್ರೆ ಒತ್ತಿದ ರೂಪಾಯಿಗಳು ಈಗಲೂ ಸಿಗುತ್ತವೆ. ಹಾಳಾಗಿದೆ ಎಂದು ಅವನ್ನು ಜನ ತಳ್ಳಿಬಿಡುತ್ತಾರೆ. ನನಗೆ ಅವೇ ಇಷ್ಟ. ಇನ್ನೂರು ವರ್ಷದ ಹಿಂದೆ ಒಬ್ಬ ಬಲ್ಲವನು ನೋಡಿ ಒಪ್ಪಿದ ರುಜು ಅದು.

ಅಮೆರಿಕದವರ ಮೊದಲ ಡಾಲರುಗಳಲ್ಲೂ ಇಂಥ ಗಾಯಗಳಿವೆ. ಫಿಲಡೆಲ್ಫಿಯಾದಲ್ಲಿ ಅಚ್ಚು ಹಾಕುವ ಮುಂಚೆ ಬಿಲ್ಲೆಯ ತೂಕ ಜಾಸ್ತಿ ಕಂಡರೆ ಅರ ಹಾಕಿ ಉಜ್ಜುತ್ತಿದ್ದರು. ಆ ಗೀರುಗಳು ಅಚ್ಚಿನ ಕೆಳಗೆ ಇಂದಿಗೂ ಕಾಣುತ್ತವೆ, ಬಲ್ಲವರು ಅದನ್ನು ಕಳಂಕವೆನ್ನುವುದಿಲ್ಲ. 1794ರಲ್ಲಿ ಅವರು ಹೊರಬಿಟ್ಟ ಮೊಟ್ಟಮೊದಲ ಬೆಳ್ಳಿ ಡಾಲರು ಬರೀ 1,758. ಅದರಲ್ಲೊಂದು 2013ರ ಹರಾಜಿನಲ್ಲಿ ಒಂದು ಕೋಟಿ ಡಾಲರ್ ದಾಟಿತು. ಇಸವಿಯ ಆಟದಲ್ಲೂ ಅವರು ಕಡಿಮೆಯಿಲ್ಲ. ಜಗತ್ತಿನ ಹೆಸರಾಂತ ನಾಣ್ಯಗಳಲ್ಲೊಂದಾದ 1804ರ ಡಾಲರು 1804ರಲ್ಲಿ ಹುಟ್ಟಿದ್ದೇ ಅಲ್ಲ. ಪೂರ್ವದೇಶಗಳ ದೊರೆಗಳಿಗೆ ಉಡುಗೊರೆ ಕಳಿಸಲೆಂದು 1834ರಲ್ಲಿ ಹಳೇ ದಫ್ತರ ನೋಡಿ ಆ ಇಸವಿ ಹಾಕಿ ಹೊಡೆದರು. ಒಂದು ಮಸ್ಕತ್ತಿನ ಸುಲ್ತಾನನಿಗೆ ಹೋಯಿತು, ಒಂದು ಸಯಾಮಿನ ರಾಜನಿಗೆ. ಬಹುಕಾಲ ಲೆಕ್ಕಕ್ಕೆ ಸಿಕ್ಕಿದ್ದವು ಎಲ್ಲ ಸೇರಿ ಹದಿನೈದು.

ಅಮೆರಿಕದ ಡಾಲರಿಗೂ ಹಾಸನ ಜಿಲ್ಲೆಯ ಟ್ರಂಕಿಗೂ ಎಲ್ಲಿಯ ಸಂಬಂಧ ಎಂದರೆ, ನನ್ನ ಬಾಟಲಿಯ 1919ರ ಐದನೇ ಜಾರ್ಜ್ ರೂಪಾಯಿ ತೋರಿಸುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಇಂಡಿಯಾದ ಸೆಣಬು, ತೊಗಲು, ಧಾನ್ಯ ಎಲ್ಲ ಯುದ್ಧಕ್ಕೆ ಹೋಯಿತು. ಬದಲಿಗೆ ರೈತರು, ಕೂಲಿಗಳು, ಸಿಪಾಯಿಗಳು ಕೇಳಿದ್ದು ಬೆಳ್ಳಿ ರೂಪಾಯಿ. ಕೊಟ್ಟ ರೂಪಾಯಿ ತಿರುಗಿ ಬರಲಿಲ್ಲ. ಗಡಿಗೆ ಸೇರಿತು, ಕಡಗವಾಯಿತು, ಸರವಾಯಿತು. 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ಕಾಗದದ ನೋಟು ತಂದಿತು. ಜನ ಅದನ್ನು ನಂಬಲಿಲ್ಲ, ನೋಟು ಕೊಟ್ಟು ಬೆಳ್ಳಿ ಕೇಳಲು ಖಜಾನೆಗಳ ಮುಂದೆ ನಿಂತರು. 1918ರ ಬೇಸಿಗೆಗೆ ಬೆಳ್ಳಿ ದಾಸ್ತಾನು ತಳ ಕಾಣತೊಡಗಿತು. ಆಗ ಬ್ರಿಟನ್ ಅಮೆರಿಕದ ಮೊರೆಹೋಯಿತು. 1918ರ ಏಪ್ರಿಲ್‌ನಲ್ಲಿ ಅಲ್ಲಿನ ಸಂಸತ್ತು ಪಿಟ್‌ಮನ್ ಕಾಯ್ದೆ ಪಾಸು ಮಾಡಿತು. ಖಜಾನೆಯಲ್ಲಿ ಮಲಗಿದ್ದ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 25.9 ಕೋಟಿ ಡಾಲರಿನ ಬೆಳ್ಳಿ ಗಟ್ಟಿಯಾಗಿ ಹಡಗು ಹತ್ತಿ ನಮ್ಮ ಟಂಕಸಾಲೆಗಳಿಗೆ ಬಂತು. ಯಾವ ಇಸವಿಯ ಡಾಲರು ಎಷ್ಟು ಕರಗಿತೆಂದು ಅಲ್ಲಿ ಯಾರೂ ಬರೆದಿಡಲಿಲ್ಲ. ಹಾಗಾಗಿ ಟಂಕಸಾಲೆಯ ಲೆಕ್ಕದಲ್ಲಿ ಲಕ್ಷಗಟ್ಟಲೆ ಎಂದಿರುವ ಇಸವಿಯೂ ಕೈಗೆ ಸಿಗುವುದು ಕಡಿಮೆ ಎಂದು ಅಮೆರಿಕದ ಸಂಗ್ರಹಕಾರರು ಇಂದಿಗೂ ಗೊಣಗುತ್ತಾರೆ.

ಒಂದು ಲೆಕ್ಕ ನನಗೆ ಬಹಳ ಹಿಡಿಸಿತು. ಅಮೆರಿಕದ ಬೆಳ್ಳಿ ಡಾಲರಿನಲ್ಲಿ ಅಪ್ಪಟ ಬೆಳ್ಳಿ 371.25 ಗ್ರೇನ್, 1792ರ ಕಾಯ್ದೆಯಲ್ಲಿ ಬರೆದದ್ದು, ಆಮೇಲೆ ಬದಲಾಗಲಿಲ್ಲ. ನಮ್ಮ ರೂಪಾಯಿಯಲ್ಲಿ 165. ಭಾಗಿಸಿ ನೋಡಿ: ಒಂದು ಡಾಲರು ಕರಗಿದರೆ ಸರಿಯಾಗಿ ಎರಡೂಕಾಲು ರೂಪಾಯಿ, ಎರಡು ರೂಪಾಯಿ ಒಂದು ಪಾವಲಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಆ ಲೆಕ್ಕದಲ್ಲಿ ಬಂದ ಬೆಳ್ಳಿ 58 ಕೋಟಿ ರೂಪಾಯಿಗೆ ಸಾಕು. ನನ್ನ 1919ರ ರೂಪಾಯಿಯಲ್ಲಿ ಡಾಲರಿನ ಬೆಳ್ಳಿ ಇದೆ ಎಂದು ಆಣೆ ಇಡಲಾರೆ. ಇದ್ದೀತು ಎನ್ನುವಷ್ಟಕ್ಕೆ ನಿಲ್ಲುತ್ತೇನೆ. ಇಲ್ಲದಿದ್ದರೆ ಬೆಟ್ಟದ ಬುಡದವನಿಗೂ ನನಗೂ ಏನು ವ್ಯತ್ಯಾಸ?

1944ರದರ ಕಥೆ ಇನ್ನೂ ತಮಾಷೆ. ಎರಡನೇ ಯುದ್ಧದಲ್ಲಿ ಅಮೆರಿಕ ಮತ್ತೆ ಬೆಳ್ಳಿ ಕೊಟ್ಟಿತು, ಈ ಸಲ ಮಾರಾಟವಲ್ಲ, ಕಡ. 22.6 ಕೋಟಿ ಔನ್ಸ್, ಯುದ್ಧ ಮುಗಿದ ಮೇಲೆ ಬೆಳ್ಳಿಯಾಗಿಯೇ ತಿರುಗಿ ಕೊಡಬೇಕೆಂಬ ಕರಾರು. ಅಷ್ಟರಲ್ಲಿ ನಮಗೆ ಸ್ವಾತಂತ್ರ್ಯ ಬಂದು ಆ ಸಾಲವೂ ಜೊತೆಗೆ ಬಂತು. ಚಲಾವಣೆಯಿಂದ ವಾಪಸ್ ಪಡೆದ ಅರ್ಧ ಬೆಳ್ಳಿಯ ರೂಪಾಯಿಗಳನ್ನು ಕಲ್ಕತ್ತೆಯ ಅಲಿಪುರದಲ್ಲಿ ಕರಗಿಸಿ, ಬೆಳ್ಳಿ ಬೇರ್ಪಡಿಸಿ, 1957ರಲ್ಲಿ ಸಾಲ ತೀರಿಸಲಾಯಿತು. ಅಂದರೆ ಆ ಜಾತಿಯ ಎಷ್ಟೋ ರೂಪಾಯಿಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಹಾರ್ಲಿಕ್ಸ್ ಬಾಟಲಿಯಲ್ಲಿದ್ದ ಇದು ತಪ್ಪಿಸಿಕೊಂಡಿತು.

ಅಮೆರಿಕಕ್ಕೆ ಹೋಗುವ ಮಾತು ಮನೆಯಲ್ಲೂ ಬಂತು. ನ್ಯೂಜೆರ್ಸಿಯಲ್ಲಿರುವ ತಂಗಿ ಫೋನಿನಲ್ಲಿ, ‘ಅಜ್ಜಿ ನೆನಪಿಗೆ ಎರಡು ರಾಣಿ ರೂಪಾಯಿ ತಗೊಂಡು ಹೋಗ್ತೀನಿ ಕಣೋ’ ಎಂದಳು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ಲೆಕ್ಕದಲ್ಲಿ ಪುರಾವಸ್ತುವೇ, ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ ಎಂದೆ. ಅವಳಿಗೆ ಬೇಜಾರಾಯಿತು. ಹೊಲ ಉಳುವಾಗ ಗಡಿಗೆ ಸಿಕ್ಕಿದರೂ ಅಷ್ಟೇ. ಅದಕ್ಕೂ ನಿಧಿ ಕಾಯ್ದೆಯಿದೆ. ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು.

ಬೆಟ್ಟದ ಬುಡದ ತಟ್ಟೆಯಲ್ಲಿದ್ದ ಉಳಿದ ಮಾಲಿನ ಬಗ್ಗೆಯೂ ಎರಡು ಮಾತು. ರಾಮ ಸೀತೆ, ಹನುಮಂತ, ಕಮಲದ ಚಿತ್ರವಿದ್ದು ಹಿಂದೆ ಈಸ್ಟ್ ಇಂಡಿಯಾ ಕಂಪನಿ 1818 ಎಂದೋ 1616 ಎಂದೋ ಇರುವ ತಾಮ್ರದ ಬಿಲ್ಲೆಗಳು ಎಲ್ಲ ಯಾತ್ರಾಸ್ಥಳದಲ್ಲೂ ಸಿಗುತ್ತವೆ. ಕಂಪನಿ ಅಂಥ ನಾಣ್ಯ ಹೊಡೆದೇ ಇಲ್ಲ. ಅವುಗಳಿಗೆ ಅಕ್ಕಿ ಎಳೆಯುವ ಶಕ್ತಿಯಿದೆ, ಕೋಟಿ ಬೆಲೆಯಿದೆ ಎಂದು ನಂಬಿಸಿ ಜನರನ್ನು ಮುಳುಗಿಸಿದವರ ಸುದ್ದಿ ವರ್ಷಕ್ಕೊಮ್ಮೆಯಾದರೂ ಪೇಪರಿನಲ್ಲಿ ಬರುತ್ತದೆ. ದೇವರ ಮನೆಯಲ್ಲಿಟ್ಟು ಕೈಮುಗಿಯುವವರು ಮುಗಿಯಲಿ, ದುಡ್ಡು ಹಾಕಬೇಡಿ.

ಮತ್ತೆ, ದಯವಿಟ್ಟು ತೊಳೆಯಬೇಡಿ. ಹಬ್ಬ ಬಂತೆಂದು ಹುಣಸೆಹಣ್ಣು, ಬೂದಿ, ಪಾತ್ರೆಪುಡಿ ಹಾಕಿ ಫಳಫಳ ಉಜ್ಜಿದ ರೂಪಾಯಿ ಅಕ್ಕಸಾಲಿಗೆ ಚೆಂದ ಕಾಣಬಹುದು, ಸಂಗ್ರಹಕಾರ ಮುಖ ತಿರುಗಿಸುತ್ತಾನೆ. ನೂರು ವರ್ಷ ಕೂತು ಹತ್ತಿದ ಕಪ್ಪು ನಾಣ್ಯದ ಮೈಬಣ್ಣ. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದದ್ದಕ್ಕೂ ಬೆಲೆ ಬೀಳುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ಅಜ್ಜಿಯ ಕೊರಳಲ್ಲಿ ಮೂವತ್ತು ವರ್ಷ ಕೂತ ಗುರುತನ್ನು ಮಾರುಕಟ್ಟೆ ಊನ ಅನ್ನುತ್ತದೆ, ಅನ್ನಲಿ.

ಹಜಾರದಲ್ಲಿ ಹನ್ನೊಂದೂ ತೂಗಿ, ನೋಟ್‌ಬುಕ್ಕಿನಲ್ಲಿ ಕೋಷ್ಟಕ ಬರೆದು ಮುಗಿಸುವ ಹೊತ್ತಿಗೆ ದೊಡ್ಡಮ್ಮ ಕಾಫಿ ತಂದರು. ಎಂಬತ್ತು ದಾಟಿದೆ, ಕಣ್ಣು ಮಂಜು. ಲೋಟದಲ್ಲಿ ನೇತಾಡುತ್ತಿದ್ದ ರೂಪಾಯಿ ಕಂಡು, ‘ಏನೋ ಇದು, ನೀರಲ್ಲಿ ಮುಳುಗಿಸ್ತಾ ಕೂತಿದೀಯ?’ ಎಂದರು. ಒಂದು ಖೋಟಾ ಪತ್ತೆಯಾಯಿತು ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ಅವರು ಹೊಸಿಲ ಬಳಿ ಕುಕ್ಕರಗಾಲಲ್ಲಿ ಕೂತು ರೂಪಾಯಿಗಳನ್ನು ಒಂದೊಂದಾಗಿ ಚಪ್ಪಡಿಯ ಮೇಲೆ ಬಿಡತೊಡಗಿದರು. ಠಣ್. ಠಣ್. ಠಣ್. ಆರನೆಯದೋ ಏಳನೆಯದೋ ಟಪ್ ಎಂದು ಬಿದ್ದು ಸುಮ್ಮನಾಯಿತು.

‘ಮೂಕ ರೂಪಾಯಿ,’ ಎಂದರು. ‘ನಮ್ಮತ್ತೆ ಕಾಲದಿಂದ್ಲೂ ಇದೆ. ಎಳ್ಳು ಮಾರಿದಾಗ ಸಾಹುಕಾರ ದಾಟಿಸಿಬಿಟ್ಟನಂತೆ.’

‘ಗೊತ್ತಿದ್ದೂ ಇಟ್ಕೊಂಡಿದ್ದೀರಾ?’

‘ಹನ್ನೊಂದು ಆಗ್ಬೇಕಲ್ಲಪ್ಪ, ಲೆಕ್ಕಕ್ಕೆ,’ ಎಂದು ಅದನ್ನೂ ಸೇರಿಸಿಯೇ ಬಾಟಲಿಗೆ ಹಾಕಿ ಮುಚ್ಚಳ ತಿರುಗಿಸಿದರು.